ನಡುದನಿಯ ಋಣ

ಹದಿನಾಲ್ಕು ತಿಂಗಳ ಕೆಲಸ ಮುಗಿಯಿತು. ಒಂದು ಪಿಯಾನೋಗಾಗಿ ಮೂರು ದನಿಗಳ ಫ್ಯೂಗ್ ಎಂಬ ಪಾಶ್ಚಾತ್ಯ ಸಂಗೀತದ ರಚನೆ ಬರೆದು, ಕಳೆದ ಭಾನುವಾರ ಧಾರವಾಡದ ಚರ್ಚಿನ ಸಭಾಂಗಣದಲ್ಲಿ ನುಡಿಸಿದೆ. ಅಂದು ಗಂಟಲು ಕಟ್ಟಿ ಮಾತು ಹೊರಡಲಿಲ್ಲ. ಇಂದು ಬರೆಯುತ್ತಿದ್ದೇನೆ.

ಫ್ಯೂಗ್‌ನಲ್ಲಿ ಮೊದಲ ದನಿ ಚಿಕ್ಕ ಎಳೆಯೊಂದನ್ನು ಒಂಟಿಯಾಗಿ ಹಾಡುತ್ತದೆ. ಎರಡನೆಯದು ಅದನ್ನೇ ಪಂಚಮದಿಂದ ಎತ್ತಿಕೊಂಡಾಗ ಮೊದಲನೆಯದು ಸುಮ್ಮನಾಗದೆ ಬೇರೆ ದಾರಿ ಹಿಡಿಯುತ್ತದೆ. ನನ್ನ ಎಳೆ ಬಿಳಿ ಎರಡರ (ಪಾಶ್ಚಾತ್ಯರ ಡಿ ಸ್ವರದ) ಷಡ್ಜದಿಂದ, ಕಪ್ಪು-ಬಿಳಿ ಎನ್ನದೆ, ಒಂದು ಮನೆಯನ್ನೂ ಬಿಡದೆ ಇಳಿಯುತ್ತದೆ: ಸಾ, ಶುದ್ಧ ನಿ, ಕೋಮಲ ನಿ, ಶುದ್ಧ ಧ, ಕೋಮಲ ಧ, ಪ. ಖಯಾಲ್ ಕಲಿತ ಕಿವಿ ಇದಕ್ಕೆ ಸುಲಭವಾಗಿ ಒಪ್ಪಲಿಲ್ಲ. ಒಂದೇ ಸ್ವರದ ಎರಡು ರೂಪಗಳು ಒತ್ತೊತ್ತಾಗಿ ಬರುವುದು, ಲಲಿತ ರಾಗದ ಎರಡು ಮಧ್ಯಮಗಳಂಥ ಕಡೆ ಬಿಟ್ಟರೆ, ನಮ್ಮಲ್ಲಿ ಅಪರೂಪ. ಜರ್ಮನ್ ಸಂಗೀತಕಾರ ಬಾಖ್‌ನ ಡಿ ಮೈನರ್ ಕ್ರೊಮ್ಯಾಟಿಕ್ (ಹೀಗೆಯೇ ಮನೆ ಮನೆಯಾಗಿ ಸಾಗುವ) ಫ್ಯಾಂಟಸಿ ಮತ್ತು ಫ್ಯೂಗ್ ನನಗೆ ಧೈರ್ಯ ಕೊಟ್ಟಿತು. ಅದರ ಪ್ರತಿಯನ್ನು ಹುಬ್ಬಳ್ಳಿಯಿಂದ ತಂದುಕೊಟ್ಟ ಅಕ್ಕನಿಗೆ ನನ್ನ ಮೊದಲ ನಮಸ್ಕಾರ.

ಚರ್ಚಿನ ಹಿರಿಯರು ಕೀಲಿಕೈ ಕೊಟ್ಟು, ಒಮ್ಮೆಯೂ ಹೊತ್ತು ಕೇಳಲಿಲ್ಲ. ಮಳೆಗಾಲದ ತಂಡಿಗೆ ಪಿಯಾನೋದ ಮನೆಗಳು ಉಬ್ಬಿ, ಒತ್ತಿದವು ಒತ್ತಿದಲ್ಲೇ ಕೂತಾಗ ರಿಪೇರಿ ಮಾಡಿದವರು ಎರಡು ಸಲ ಬಂದರು. ಅಪ್ಪ ಆಸ್ಪತ್ರೆಯಲ್ಲಿದ್ದ ನಾಲ್ಕು ತಿಂಗಳು ನಾನು ಒಂದು ಸ್ವರವನ್ನೂ ಬರೆಯಲಿಲ್ಲ. ಹಾಳೆಗಳನ್ನು ಟ್ರಂಕಿನಲ್ಲಿ ಜೋಪಾನ ಮಾಡಿದವಳು ಅವ್ವ.

ಎಲ್ಲಕ್ಕಿಂತ ದೊಡ್ಡ ಋಣ ನಮ್ಮ ಹಾರ್ಮೋನಿಯಂ ಮಾಸ್ತರರದು. ಪಾಶ್ಚಾತ್ಯ ಸ್ವರಲಿಪಿ ಅವರಿಗೆ ಬಾರದು. ನಡುದನಿಯನ್ನು ಸರಿಗಮದಲ್ಲಿ ಬರೆಸಿಕೊಂಡು, ಪೆಟ್ಟಿಗೆಯನ್ನು ಆಟೋದಲ್ಲಿ ಹೊತ್ತು ತಂದರು. ನಾನು ಮೇಲಿನ ಮತ್ತು ಕೆಳಗಿನ ದನಿಗಳನ್ನು ನುಡಿಸಿದೆ, ಅವರು ನಡುವಿನದನ್ನು. ಅರ್ಧ ದಾರಿಯಲ್ಲಿ ತಿದಿಯ ಮೇಲಿನ ಕೈ ನಿಂತಿತು. "ತಂಗಿ, ಈ ದನಿಗೆ ಇಲ್ಲಿ ಹಾಡಲು ಏನೂ ಇಲ್ಲ. ಸಂದಿ ತುಂಬುವ ಕೆಲಸಕ್ಕೆ ಹಚ್ಚಿದ್ದೀಯ" ಎಂದರು.

ನಿಜವಾಗಿತ್ತು. ಎರಡೂ ಅಂಚುಗಳು ಚಂದ ಕೇಳುತ್ತಿದ್ದುದರಿಂದ ನಡುವನ್ನು ನಾನು ಕೇಳಿಯೇ ಇರಲಿಲ್ಲ. ಏಳು ಬಾರ್‌ಗಳನ್ನು (ಸ್ವರಲಿಪಿಯ ತಾಳದ ಅಳತೆಗಳನ್ನು) ಹೊಡೆದುಹಾಕಿ, ಮೂರು ವಾರ ಕುಳಿತೆ. ಈಗ ಅಲ್ಲಿ ನಡುದನಿ ಅದೇ ಎಳೆಯನ್ನು ತಲೆಕೆಳಗು ಮಾಡಿ ಮನೆ ಮನೆಯಾಗಿ ಮೇಲಕ್ಕೆ ಹತ್ತುತ್ತದೆ. ಎಡಗೈಯ ಹೆಬ್ಬೆರಳು ಅದನ್ನು ಬಲಗೈಯ ಹೆಬ್ಬೆರಳಿಗೆ ದಾಟಿಸಬೇಕು, ದಾಟಿದ್ದು ಕೇಳುಗರಿಗೆ ತಿಳಿಯಬಾರದು. ಇಡೀ ಕೃತಿಯಲ್ಲಿ ನನಗೆ ಅತಿ ಪ್ರಿಯವಾದ ಜಾಗ ಅದೇ.

ಮಾಸ್ತರರೇ, ಆ ಏಳು ಬಾರ್‌ಗಳ ಹೊಸ ಸರಿಗಮವನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ. ನಾಳೆ ಸಂಜೆ ತರುತ್ತೇನೆ. ಪೆಟ್ಟಿಗೆ ತೆಗೆದಿಡಿ.