ಮೊದಲು ಚಪ್ಪಲಿ ಬಿಚ್ಚಿಸಿ ನೋಡಿ

ಮಾನ್ಯರೇ,

ರೋಗನಿರೋಧಕ ಜೀನ್‌ಗಳ ವ್ಯತ್ಯಾಸಕ್ಕೂ ಮಧುಮೇಹಿಗಳ ಕಾಲಿನ ಹುಣ್ಣಿಗೂ ನಂಟಿರಬಹುದು ಎಂಬ ವಿಷಯ ನಮ್ಮ ಮನೆಯಲ್ಲಿ ಎರಡು ದಿನ ಚರ್ಚೆಯಾಯಿತು. ಅಣ್ಣನಿಗೂ ನನಗೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಸಕ್ಕರೆ ಕಾಯಿಲೆ ಬಂತು. ಅಡಿಕೆ ತೋಟದಲ್ಲಿ ಇಬ್ಬರೂ ಬರಿಗಾಲಿನಲ್ಲೇ ಓಡಾಡಿದವರು. ನನ್ನ ಗಾಯಗಳು ವಾರದಲ್ಲಿ ಮಾಯುತ್ತವೆ; ಅವನ ಹೆಬ್ಬೆರಳು ಹೋಯಿತು. ಬ್ಯಾಕ್ಟೀರಿಯಾದ ಹೊರಕವಚವನ್ನು ಗುರುತಿಸುವ ಪ್ರೋಟೀನನ್ನು ಟಿಎಲ್‌ಆರ್-4 ಎಂಬ ಜೀನ್ ರೂಪಿಸುತ್ತದೆ, ಅದರ ಡಿಎನ್‌ಎ ಬರಹದಲ್ಲಿ ಒಂದಕ್ಷರ ಬದಲಾದರೂ ಕಾವಲು ಸಡಿಲವಾಗಬಹುದು ಎಂದು ಮಗಳು ವಿವರಿಸಿದಳು. ‘ಹಾಗಾದರೆ ತಪ್ಪು ಅಪ್ಪನದು’ ಎಂದು ಅಣ್ಣ ನಕ್ಕ.

ನನಗೆ ನಗು ಬರಲಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದ್ದರಿಂದ, ಬೇಲಿಯ ಮುಳ್ಳು ಚುಚ್ಚಿ ಮೂರು ದಿನವಾದರೂ ಅವನಿಗೆ ಗೊತ್ತೇ ಆಗಿರಲಿಲ್ಲ. ಕೆಂಪು ಗಾರೆ ನೆಲದ ಮೇಲೆ ಕೀವಿನ ಹೆಜ್ಜೆಗುರುತು ಕಂಡವರು ಅತ್ತಿಗೆ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ತಾಗಿಸಿದರೆ ಸ್ಪರ್ಶಜ್ಞಾನ ಕುಂದಿರುವುದು ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಹನ್ನೊಂದು ವರ್ಷ ತಪಾಸಣೆಗೆ ಹೋದರೂ ಯಾರೊಬ್ಬರೂ ಅವನ ಚಪ್ಪಲಿ ಬಿಚ್ಚಿಸಿರಲಿಲ್ಲ. ಜೀನ್ ಸಂಶೋಧನೆ ಧಾರಾಳವಾಗಿ ನಡೆಯಲಿ. ಅದಕ್ಕೂ ಮುನ್ನ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಜಿನ ಮೇಲೆ ಆ ಎಳೆಯೊಂದು ಇರಲಿ.

— ನಿವೃತ್ತ ಶಿಕ್ಷಕ, ತೀರ್ಥಹಳ್ಳಿ