ರಾಕೆಟ್ ಕಪಾಟಿನಲ್ಲಿ ಸಿಕ್ಕ ಕಾದಂಬರಿಗಳು

ಮಾನ್ಯ ಸಂಪಾದಕರೇ,

ಬೆಳಗಾವಿಯ ಖಡೇಬಜಾರಿನಿಂದ ಒಳಗೆ ಹೊರಳುವ ಗಲ್ಲಿಯೊಂದರಲ್ಲಿ ಹಳೆಯ ಕಾದಂಬರಿ ಮತ್ತು ಮಾಸಪತ್ರಿಕೆಗಳನ್ನಷ್ಟೇ ಮಾರುವ ಒಂದು ಅಂಗಡಿ ಇದೆ. ಶಾಲೆಯ ಪಠ್ಯ, ಗೈಡು, ಸ್ಪರ್ಧಾ ಪರೀಕ್ಷೆಯ ಕೈಪಿಡಿ ಯಾವುದನ್ನೂ ಇಡದ ಕಾರಣ ಅಲ್ಲಿ ಗಿರಾಕಿಗಳ ಗದ್ದಲ ಕಡಿಮೆ. ನಾನು ಕಾಲೇಜು ದಿನಗಳಿಂದ ಹುಡುಕುತ್ತ ಬಂದ ಕನ್ನಡದ ವೈಜ್ಞಾನಿಕ ಕಾದಂಬರಿಗಳಲ್ಲಿ ನಾಲ್ಕು, ಕಳೆದ ತಿಂಗಳು ಅಲ್ಲಿ ಒಂದೇ ಮಧ್ಯಾಹ್ನ ದೊರೆತವು. ಸಂತೋಷವೇನೋ ಆಯಿತು. ಆದರೆ ಮನೆಗೆ ತಂದು ದೂಳು ಒರೆಸಿ ಒಂದೊಂದನ್ನೇ ತೆರೆದು ನೋಡಿದ ಮೇಲೆ, ಇವು ನನ್ನಂಥ ಒಬ್ಬನ ಮನೆಯ ಕಪಾಟಿನಲ್ಲಿ ಇರಬೇಕಾದವಲ್ಲ, ಸಾರ್ವಜನಿಕ ಗ್ರಂಥಾಲಯದಲ್ಲಿ ಇರಬೇಕಾದವು ಎನ್ನಿಸಿತು. ಅದಕ್ಕಾಗಿ ಈ ಪತ್ರ.

ನಾನು ಭೂಮಾಪನ ಇಲಾಖೆಯಲ್ಲಿ ನೌಕರಿ ಮಾಡಿ ನಿವೃತ್ತನಾದವನು. ಅಥಣಿ, ರಾಮದುರ್ಗ, ಹುಕ್ಕೇರಿ, ಬೈಲಹೊಂಗಲ ಎಂದು ವರ್ಗವಾದ ಊರುಗಳಲ್ಲೆಲ್ಲ ಸಂಜೆ ಹೊತ್ತು ರದ್ದಿ ಅಂಗಡಿ ಸುತ್ತುವುದು ನನಗಿದ್ದ ಒಂದೇ ಚಟ. ಅಗ್ಗದ ಕಾದಂಬರಿಗಳ ಹಿಂದಿನ ರಟ್ಟಿನ ಒಳಮೈಯಲ್ಲಿ ‘ನಮ್ಮ ಇತರ ಪ್ರಕಟಣೆಗಳು’ ಎಂಬ ಪಟ್ಟಿ ಇರುತ್ತಿತ್ತು. ಕನ್ನಡದಲ್ಲಿ ಅಂತರಿಕ್ಷ, ಯಂತ್ರಮಾನವ, ಕಾಲಪಯಣ ಮುಂತಾದ ವಸ್ತುಗಳ ಮೇಲೆ ಯಾರು ಏನು ಬರೆದಿದ್ದಾರೆ ಎಂಬುದಕ್ಕೆ ನನ್ನಂಥವರಿಗೆ ಆ ಪಟ್ಟಿಗಳೇ ಆಧಾರ. ಹಾಗೆ ಕೂಡಿಸಿದ 23 ಹೆಸರುಗಳು ನನ್ನ ನೋಟ್‌ಬುಕ್ಕಿನಲ್ಲಿದ್ದವು. ಇಷ್ಟು ವರ್ಷಗಳಲ್ಲಿ ಅವುಗಳ ಪೈಕಿ ಒಂಬತ್ತರ ಮೇಲಷ್ಟೇ ಗೀಟು ಎಳೆದಿದ್ದೆ, ಈಗ ಹದಿಮೂರಾದವು. ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ, ಓದುಗರು ಕ್ಷಮಿಸಬೇಕು. ಹೆಸರು ಅಚ್ಚಾದ ಮರುದಿನವೇ ಉಳಿದ ಹತ್ತರ ಬೆಲೆ ಏರುತ್ತದೆ ಎಂಬ ಸಣ್ಣತನದ ಭಯ ನನ್ನಲ್ಲಿ ಇನ್ನೂ ಉಳಿದಿದೆ.

ಆ ಅಂಗಡಿಯ ಮಾಲೀಕರು ಮರಾಠಿ ಮಾಧ್ಯಮದಲ್ಲಿ ಓದಿದವರು. ಕನ್ನಡವನ್ನು ಚೆನ್ನಾಗಿ ಮಾತಾಡುತ್ತಾರೆ, ಓದುವುದು ಮಾತ್ರ ಅಕ್ಷರ ಕೂಡಿಸಿ ಕೂಡಿಸಿ. ಆದ್ದರಿಂದ ಅವರು ಕನ್ನಡ ಕಾದಂಬರಿಗಳನ್ನು ವಿಂಗಡಿಸುವುದು ರಟ್ಟಿನ ಮೇಲಿನ ಚಿತ್ರವನ್ನು ನೋಡಿ. ‘ರಾಕೆಟ್ ಇದ್ರ ಈ ಕಡೆ, ಪಿಸ್ತೂಲ್ ಇದ್ರ ಆ ಕಡೆ, ಹೆಣ್ಮಗಳು ಅಳಾಕತ್ತಿದ್ರ ಮ್ಯಾಲಿನ ಕಪಾಟಿನ್ಯಾಗ ನೋಡ್ರಿ ಸರ’ ಎಂದು ಅವರು ಹೇಳಿದಾಗ ನನಗೆ ನಗು ಬಂತು. ಒಂದು ತಾಸು ಹುಡುಕಿದ ಮೇಲೆ ಆ ಪದ್ಧತಿಯ ಬಗ್ಗೆ ಗೌರವವೇ ಹುಟ್ಟಿತು. ಹೆಸರಿನಲ್ಲಿ ನಕ್ಷತ್ರವಿದ್ದು ರಟ್ಟಿನ ತುಂಬ ಚುಕ್ಕೆಗಳಿದ್ದ ಒಂದು ಸಂಸಾರದ ಕಥೆ ರಾಕೆಟ್ ಕಪಾಟಿನಲ್ಲಿ ಬಂದು ಕೂತಿತ್ತೆಂಬುದು ನಿಜ. ಮೂರು ಪುಸ್ತಕಗಳು ಆ ಕಪಾಟಿನಲ್ಲೇ ಸಿಕ್ಕವು. ನಾಲ್ಕನೆಯದರ ರಟ್ಟಿನ ಮೇಲೆ ಪ್ರಯೋಗಶಾಲೆಯಲ್ಲಿ ನಿಂತ ಗಡ್ಡದ ಮನುಷ್ಯನೊಬ್ಬನ ಕೈಯಲ್ಲಿ ಏನೋ ಉಪಕರಣವಿದ್ದು, ಅದು ಪಿಸ್ತೂಲಿನಂತೆಯೇ ಕಾಣುತ್ತಿದ್ದುದರಿಂದ ಪುಸ್ತಕ ಪತ್ತೇದಾರಿ ಕಟ್ಟಿನಲ್ಲಿ ಸೇರಿಹೋಗಿತ್ತು.

ಗ್ರಂಥಾಲಯಗಳಲ್ಲಿ ಇಷ್ಟು ಅನುಕೂಲವೂ ಇಲ್ಲ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಎಂಬ ಸಂಖ್ಯೆ ಇದೆ. ಅದರ ಕೊನೆಗೆ 3 ಸೇರಿಸಿದರೆ ಕಥೆ–ಕಾದಂಬರಿ. ಸಾಮಾಜಿಕವಿರಲಿ, ಐತಿಹಾಸಿಕವಿರಲಿ, ಮಂಗಳಗ್ರಹದ ಮೇಲೆ ನಡೆಯುವ ಕಥೆಯಿರಲಿ, ಎಲ್ಲವೂ ಆ ಒಂದೇ ಸಂಖ್ಯೆಯಡಿ ಲೇಖಕರ ಹೆಸರಿನ ಕ್ರಮದಲ್ಲಿ ನಿಲ್ಲುತ್ತವೆ. ಲೇಖಕರ ಹೆಸರು ಗೊತ್ತಿಲ್ಲದವನು ಇಡೀ ಸಾಲನ್ನು ಕೈಯಾಡಿಸಿ ನೋಡಬೇಕಾಗುತ್ತದೆ. ಯಾರೂ ಹಾಗೆ ನೋಡುವುದಿಲ್ಲವಾದ್ದರಿಂದ ಪುಸ್ತಕ ಓದುಗರ ಕೈಗೆ ಹೋಗುವುದಿಲ್ಲ, ಹೋಗದ ಪುಸ್ತಕದ ಚೀಟಿಯ ಮೇಲೆ ತಾರೀಖಿನ ಮುದ್ರೆ ಬೀಳುವುದಿಲ್ಲ, ಮುದ್ರೆ ಬೀಳದ ಪುಸ್ತಕವನ್ನು ಕೆಲವು ವರ್ಷಗಳ ಮೇಲೆ ‘ಬೇಡಿಕೆ ಇಲ್ಲ’ ಎಂದು ತೆಗೆದುಹಾಕುತ್ತಾರೆ. ನನಗೆ ಸಿಕ್ಕ ನಾಲ್ಕರಲ್ಲಿ ಎರಡರ ಮೇಲೆ ನಮ್ಮ ಭಾಗದ ಸಾರ್ವಜನಿಕ ಗ್ರಂಥಾಲಯವೊಂದರ ನೇರಳೆ ಮುದ್ರೆಯೂ ಅದರ ಮೇಲೆ ಕೆಂಪು ಮಸಿಯಲ್ಲಿ ‘ರದ್ದು’ ಎಂಬ ಬರಹವೂ ಇವೆ. ಅದು ಯಾವ ಗ್ರಂಥಾಲಯವೆಂದು ಹೇಳಿ ಅಲ್ಲಿಯ ಸಿಬ್ಬಂದಿಯನ್ನು ನೋಯಿಸುವ ಇಚ್ಛೆ ನನಗಿಲ್ಲ. ಜಾಗವಿಲ್ಲದಲ್ಲಿ ಹಳೆಯದನ್ನು ತೆಗೆಯುವುದು ಅವರ ಕೆಲಸದ ಭಾಗವೇ. ನನ್ನ ತಕರಾರು ಇಷ್ಟೇ: ತೆಗೆಯುವ ಮುನ್ನ ಈ ಪುಸ್ತಕ ಮತ್ತೆಲ್ಲಾದರೂ ಸಿಗುತ್ತದೆಯೇ ಎಂದು ನೋಡುವ ಪದ್ಧತಿ ಇರಬೇಕಾಗಿತ್ತು.

ಈ ಕಾದಂಬರಿಗಳು ಏಕೆ ಇಷ್ಟು ಬೇಗ ಕಾಣೆಯಾದವು ಎಂಬುದಕ್ಕೆ ಕಾರಣ ದೂರ ಹುಡುಕಬೇಕಾಗಿಲ್ಲ. ಎರಡನೆಯ ಮುದ್ರಣ ಕಾಣದೆ ಉಳಿದವೇ ಹೆಚ್ಚು. ಹಲವು ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದು ಪುಸ್ತಕವಾಗದೆ ನಿಂತವು. ಅಚ್ಚಾದವುಗಳ ಕಾಗದವೂ ಬಾಳಿಕೆಯದಲ್ಲ: ಮರವನ್ನು ಅರೆದು ಮಾಡುವ ಅಗ್ಗದ ಕಾಗದದಲ್ಲಿ ಲಿಗ್ನಿನ್ ಎಂಬ ಮರದ ಅಂಶ ಉಳಿದುಕೊಂಡು ಬೆಳಕು ತಾಗಿದಂತೆ ಹಳದಿಗಟ್ಟುತ್ತದೆ, ಮಸಿ ಹರಡದಿರಲೆಂದು ಹಚ್ಚುವ ರಾಳ ಮತ್ತು ಪಟಿಕದ ಲೇಪವು ಕಾಲಕ್ರಮದಲ್ಲಿ ಆಮ್ಲ ಹುಟ್ಟಿಸಿ ಎಳೆಗಳನ್ನು ಮುರಿಯುತ್ತದೆ. ನಡುವೆ ಹೊಡೆದ ತಂತಿಯ ಪಿನ್ನುಗಳಂತೂ ಬೆಳಗಾವಿಯ ಜೂನ್–ಜುಲೈ ತಿಂಗಳ ಹಸಿಯಲ್ಲಿ ತುಕ್ಕು ಹಿಡಿದು, ಪುಟವನ್ನು ತಿಂದು, ಮೊದಲು ಕೊನೆಯ ಹಾಳೆಗಳನ್ನು ಉದುರಿಸುತ್ತವೆ. ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಲೈಬ್ರರಿಗಳ ಕಾಲವನ್ನು ಕಂಡವರಿಗೆ ಕೊನೆಯ ಹಾಳೆಯಿಲ್ಲದ ಕಾದಂಬರಿಯ ಸಂಕಟವನ್ನು ವಿವರಿಸಬೇಕಾಗಿಲ್ಲ.

ಇಲ್ಲಿ ನನ್ನ ಕೈಗೆ ಬಂದ ಒಂದು ಪ್ರತಿಯ ವಿಷಯ ಹೇಳಲೇಬೇಕು. ಎರಡು ಭಾಗಗಳಲ್ಲಿ ಬಂದ ಒಂದು ಕಾದಂಬರಿಯ ಮೊದಲ ಭಾಗ 1983ರಿಂದ ನನ್ನ ಹತ್ತಿರವಿತ್ತು. ನೌಕೆ ಭೂಮಿಯ ಸಂಪರ್ಕ ಕಳೆದುಕೊಳ್ಳುವಲ್ಲಿಗೆ ಅದು ಮುಗಿಯುತ್ತದೆ, ನಾನೂ ಅಲ್ಲಿಯೇ ನಿಂತಿದ್ದೆ. ಎರಡನೆಯ ಭಾಗ ಈಗ ಸಿಕ್ಕಿತು. ಅದರ ಕೊನೆಯ ನಾಲ್ಕು ಪುಟ ಉದುರಿಹೋಗಿವೆ. ಆದರೆ ಹಿಂದಿನ ಯಾರೋ ಓದುಗರು ಬೇರೆ ಪ್ರತಿಯೊಂದನ್ನು ಎದುರಿಗಿಟ್ಟುಕೊಂಡು, ಆ ನಾಲ್ಕು ಪುಟಗಳನ್ನು ಗೆರೆ ಹಾಕಿದ ಶಾಲಾ ನೋಟ್‌ಬುಕ್ಕಿನ ಹಾಳೆಯಲ್ಲಿ ನೀಲಿ ಮಸಿಯಿಂದ ದುಂಡಗೆ ಬರೆದು, ಗೋಂದಿನಿಂದ ಅಂಟಿಸಿದ್ದಾರೆ. ಪುಟಸಂಖ್ಯೆಯನ್ನೂ ಬಿಟ್ಟಿಲ್ಲ, ಕೊನೆಯಲ್ಲಿ ಮುದ್ರಣಾಲಯದ ಹೆಸರನ್ನೂ ಇದ್ದಂತೆಯೇ ಇಳಿಸಿದ್ದಾರೆ. ತಮ್ಮ ಹೆಸರನ್ನು ಮಾತ್ರ ಬರೆದಿಲ್ಲ. ಅವರ ದಯೆಯಿಂದ ನಾಲ್ಕು ದಶಕಗಳ ಮೇಲೆ ನೌಕೆ ಭೂಮಿಗೆ ಮರಳಿದ್ದನ್ನು ನಾನು ಓದಿದೆ.

ಆ ಅಜ್ಞಾತ ಓದುಗರು ಕೈಯಿಂದ ಮಾಡಿದ ಕೆಲಸವನ್ನು ಗ್ರಂಥಾಲಯಗಳು ಯಂತ್ರದಿಂದ ಮಾಡಲು ಕಾನೂನಿನ ಅಡ್ಡಿ ಇಲ್ಲ. ‘ಹಕ್ಕುಸ್ವಾಮ್ಯದ ತೊಡಕು ಇದೆ’ ಎಂಬ ಉತ್ತರವನ್ನು ನಾನು ಒಂದೆರಡು ಕಡೆ ಕೇಳಿದ್ದರಿಂದ ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ಕೃತಿಯ ಹಕ್ಕು ಲೇಖಕರ ಜೀವಮಾನ ಮತ್ತು ಅವರು ತೀರಿದ ಮೇಲೆ 60 ವರ್ಷ ಇರುತ್ತದೆ. ಆದ್ದರಿಂದ ನಾನು ಹೇಳುತ್ತಿರುವ ಕಾದಂಬರಿಗಳನ್ನು ಯಾರು ಬೇಕಾದರೂ ಅಚ್ಚು ಹಾಕಿ ಮಾರುವಂತಿಲ್ಲ ಎಂಬುದು ಸರಿ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು, ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕವೊಂದರ ಮೂರು ಪ್ರತಿಗಳವರೆಗೆ ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನ ಉಪಯೋಗಕ್ಕಾಗಿ ಮಾಡಿಸಿಕೊಳ್ಳಬಹುದೆಂದು ಹೇಳುತ್ತದೆ. ಗ್ರಂಥಾಲಯದಲ್ಲಿ ಕಾಗದದ ಪ್ರತಿ ಈಗಾಗಲೇ ಇದ್ದರೆ, ಅದನ್ನು ಉಳಿಸುವ ಸಲುವಾಗಿ ವಿದ್ಯುನ್ಮಾನ ರೂಪದಲ್ಲಿ ಸಂಗ್ರಹಿಸಿಡುವುದಕ್ಕೂ 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಹಕ್ಕುದಾರರು ಯಾರೆಂದು ಪತ್ತೆಯಾಗದ ಕೃತಿಯನ್ನು ಮರುಮುದ್ರಿಸಬೇಕೆನ್ನುವ ಪ್ರಕಾಶಕರಿಗೆ 31–ಎ ಕಲಮಿನಲ್ಲಿ ದಾರಿ ಇದೆ: ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಪರವಾನಗಿಗಾಗಿ ಅರ್ಜಿ ಹಾಕಬಹುದು. ಆದರೆ ಇವೆಲ್ಲಕ್ಕೂ ಮೊದಲು ಒಂದು ಪ್ರತಿಯಾದರೂ ಗ್ರಂಥಾಲಯದ ಕೈಯಲ್ಲಿ ಇರಬೇಕು. ‘ರದ್ದು’ ಎಂದು ಬರೆದು ಹೊರಗೆ ಹಾಕಿದ ಮೇಲೆ ಈ ಅನುಕೂಲಗಳು ಗ್ರಂಥಾಲಯದ ಕೈತಪ್ಪಿ ಹೋಗುತ್ತವೆ.

ಪ್ರಕಾಶಕರು ಪ್ರತಿಯೊಂದು ಪುಸ್ತಕವನ್ನೂ ಕೋಲ್ಕತ್ತ, ಚೆನ್ನೈ, ಮುಂಬಯಿ, ದಿಲ್ಲಿಗಳ ನಾಲ್ಕು ಗ್ರಂಥಾಲಯಗಳಿಗೆ ಕಳಿಸಬೇಕೆಂಬ 1954ರ ಕಾಯ್ದೆ ಇದೆಯಲ್ಲ ಎಂದು ಕೇಳುವವರಿದ್ದಾರೆ. ತಪ್ಪಿದವರಿಗೆ ಅದು ವಿಧಿಸುವ ದಂಡದ ಮಿತಿ 50 ರೂಪಾಯಿ ಮತ್ತು ಪುಸ್ತಕದ ಬೆಲೆ. ಇಷ್ಟಕ್ಕೆ ಹೆದರಿ ತಿಂಗಳಿಗೊಂದು ಕಾದಂಬರಿ ತೆಗೆಯುತ್ತಿದ್ದ ಸಣ್ಣ ಪ್ರಕಾಶಕರು ನಾಲ್ಕು ಊರಿಗೆ ಟಪಾಲು ಕಟ್ಟುತ್ತ ಕೂತಿರಲಾರರು. ಕಟ್ಟಿದ್ದರೂ ಬೆಳಗಾವಿಯ ವಿದ್ಯಾರ್ಥಿ ಒಂದು ಕಾದಂಬರಿ ಓದಲು ಕೋಲ್ಕತ್ತಕ್ಕೆ ಹೋಗುವಂತಿಲ್ಲ.

ಇನ್ನು ನಮ್ಮ ರಾಜ್ಯದ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯು ಆಯಾ ವರ್ಷದಲ್ಲಿ ಮೊದಲ ಬಾರಿಗೆ ಅಚ್ಚಾದ ಪುಸ್ತಕಗಳಿಗೆ ಸಂಬಂಧಿಸಿದ್ದು. ಅದು ಇಂದಿನ ಲೇಖಕ–ಪ್ರಕಾಶಕರಿಗೆ ಆಸರೆ, ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ 1970ರ ದಶಕದ ಕಾದಂಬರಿಯೊಂದು ಆ ಬಾಗಿಲಿನಿಂದ ಒಳಗೆ ಬರಲಾರದು, ರದ್ದಿ ಅಂಗಡಿಯವರು ಟೆಂಡರು ತುಂಬಲಾರರು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ನಾವೆಲ್ಲ ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ ಕಟ್ಟುತ್ತೇವೆ. ಅದರಲ್ಲಿ ಚಿಕ್ಕದೊಂದು ಪಾಲನ್ನು, ಮಾರಾಟದಲ್ಲಿಲ್ಲದ ಕನ್ನಡ ಪುಸ್ತಕಗಳನ್ನು ಹಳೆಯ ಪುಸ್ತಕದ ಅಂಗಡಿಗಳಿಂದ ನೇರವಾಗಿ ಕೊಳ್ಳಲು ತೆಗೆದಿಡುವಂತಾದರೆ ಸಾಕು. ನಾನು ಆ ನಾಲ್ಕಕ್ಕೂ ಸೇರಿ ಕೊಟ್ಟದ್ದು 240 ರೂಪಾಯಿ.

ಅದೇ ಅಂಗಡಿಯಲ್ಲಿ ಪಕ್ಕದ ಕಪಾಟು ಮರಾಠಿ ವಿಜ್ಞಾನ ಕಥೆಗಳದ್ದು. ಅಲ್ಲಿ ಹರಿದ ಹಳೆಯ ಪ್ರತಿಗಳ ಜೊತೆಗೆ ಅವುಗಳದೇ ಹೊಸ ಮುದ್ರಣಗಳೂ ಇದ್ದವು. ಕೊಲ್ಹಾಪುರದಲ್ಲಿ ಹುಟ್ಟಿದ ಖಗೋಳ ವಿಜ್ಞಾನಿ ಜಯಂತ ನಾರಳೀಕರರು 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ, ತಮ್ಮ ಹೆಸರಿನ ಪ್ರಭಾವ ಬೀಳದಿರಲೆಂದು ನಾರಾಯಣ ವಿನಾಯಕ ಜಗತಾಪ ಎಂಬ ಸುಳ್ಳು ಹೆಸರಿನಲ್ಲಿ ಕಥೆ ಕಳಿಸಿ ಬಹುಮಾನ ಪಡೆದದ್ದು ಈ ಭಾಗದ ಅನೇಕರಿಗೆ ಗೊತ್ತು. ಅವರಂಥವರು ಬರೆದರೆಂಬುದು ಒಂದು. ಅಲ್ಲಿ ಒಂದು ಸಂಸ್ಥೆ ಸ್ಪರ್ಧೆ ನಡೆಸಿ ಬರೆಯಿಸಿತೆಂಬುದು ಅದಕ್ಕಿಂತ ದೊಡ್ಡದು. ಕನ್ನಡದಲ್ಲಿ ಬರೆಯುವವರು ಇರಲಿಲ್ಲವೆಂದಲ್ಲ. ಬೆಳಗಾವಿಯಿಂದ ಎರಡು ತಾಸಿನ ಹಾದಿಯಲ್ಲಿರುವ ಧಾರವಾಡದ ರಾಜಶೇಖರ ಭೂಸನೂರಮಠರ ಕಥೆಯೊಂದು, ನ್ಯಾಷನಲ್ ಬುಕ್ ಟ್ರಸ್ಟ್ 1993ರಲ್ಲಿ ಹೊರತಂದ ಭಾರತೀಯ ವಿಜ್ಞಾನ ಕಥೆಗಳ ಇಂಗ್ಲಿಷ್ ಸಂಕಲನದಲ್ಲಿ ನಾರಳೀಕರರ ಕಥೆಯೊಡನೆ ಅಚ್ಚಾಗಿದೆ. ನಾಚಿಕೆಯ ಮಾತೆಂದರೆ, ನಾನು ಭೂಸನೂರಮಠರನ್ನು ಮೊದಲು ಓದಿದ್ದು ಆ ಇಂಗ್ಲಿಷ್ ಪುಸ್ತಕದಲ್ಲಿಯೇ.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ಅಂಗಡಿಯ ಮಾಡು ಸೋರುತ್ತಿದೆ. ಮೃಗಶಿರಾ ಮಳೆ ಹಿಡಿಯುವುದರೊಳಗೆ ಕಟ್ಟುಗಳನ್ನು ಊರಾಚೆ ಸಂಬಂಧಿಕರ ಗೋದಾಮಿಗೆ ಸಾಗಿಸುವುದಾಗಿಯೂ, ಅಲ್ಲಿ ಹಿಡಿಸದೆ ಉಳಿದದ್ದನ್ನು ತೂಕಕ್ಕೆ ಹಾಕುವುದಾಗಿಯೂ ಮಾಲೀಕರು ಹೇಳಿದ್ದಾರೆ. ಅದಕ್ಕೂ ಮೊದಲು ಜಿಲ್ಲೆಯ ಗ್ರಂಥಾಲಯ ಅಧಿಕಾರಿಗಳು ಒಬ್ಬ ತಿಳಿದ ಗ್ರಂಥಪಾಲಕರನ್ನು ಒಂದು ದಿನದ ಮಟ್ಟಿಗೆ ಅಲ್ಲಿಗೆ ಕಳಿಸಿ, ರಾಕೆಟ್ ಕಪಾಟನ್ನೂ ಪಿಸ್ತೂಲ್ ಕಪಾಟನ್ನೂ ನೋಡಿಸಬೇಕು. ಇತರ ಕಪಾಟುಗಳಲ್ಲಿ ಇರುವುದರ ಬಗ್ಗೆ ಮಾತಾಡುವ ಅರ್ಹತೆ ನನಗಿಲ್ಲ. ನನ್ನ ಬಳಿಯ ಹದಿಮೂರನ್ನು ನಕಲು ಮಾಡಿಕೊಳ್ಳಲು ಕೊಡುವುದಕ್ಕೆ ಸಿದ್ಧನಿದ್ದೇನೆ. ಪಿನ್ನು ಬಿಚ್ಚದೆ, ಒತ್ತಿ ಹಿಡಿಯದೆ, ಮೇಲಿನಿಂದ ಚಿತ್ರ ತೆಗೆಯುವ ಯಂತ್ರದಲ್ಲಿ ತೆಗೆದು, ಮರಳಿ ಕೊಡಬೇಕೆಂಬುದಷ್ಟೇ ಕರಾರು.

ಓದುಗರಲ್ಲಿಯೂ ಒಂದು ವಿನಂತಿ. ನಿಮ್ಮ ಅಟ್ಟದ ಮೇಲೆ, ಹಿರಿಯರ ಟ್ರಂಕಿನಲ್ಲಿ ಇಂಥ ಕಾದಂಬರಿಗಳಿದ್ದರೆ ತೂಕಕ್ಕೆ ಹಾಕುವ ಮೊದಲು ಈ ಪತ್ರಿಕೆಯ ಕಚೇರಿಗೆ ತಿಳಿಸಿದರೆ ನನಗೆ ಸುದ್ದಿ ಮುಟ್ಟುತ್ತದೆ. ಕೊನೆಯ ಹಾಳೆ ಇಲ್ಲದಿದ್ದರೂ ಚಿಂತೆಯಿಲ್ಲ. ನೀಲಿ ಮಸಿಯಲ್ಲಿ ಆ ನಾಲ್ಕು ಪುಟ ಬರೆದವರು ಅಥವಾ ಅವರ ಮನೆಯವರು ಈ ಪತ್ರ ಓದುತ್ತಿದ್ದರೆ, ಅವರು ಎದುರಿಗಿಟ್ಟುಕೊಂಡು ಬರೆದ ಆ ಇನ್ನೊಂದು ಪ್ರತಿ ಎಲ್ಲಿದೆ ಎಂಬುದನ್ನು ದಯವಿಟ್ಟು ತಿಳಿಸಬೇಕು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಭೂಮಾಪಕ, ಟಿಳಕವಾಡಿ, ಬೆಳಗಾವಿ