ಮಗುವಿನ ಬಟ್ಟಲು ಆಮೇಲೆ ನೋಡುವಾ

ಕಟಪಾಡಿ, ಆಟಿ ತಿಂಗಳು

ಪ್ರೀತಿಯ ಮಗನೇ,

ನಿನ್ನ ಉದ್ದದ ಮೆಸೇಜ್ ಓದಿದೆ. ಪುಟ್ಟಿ ಅನ್ನ ತಿನ್ನುವುದಿಲ್ಲ, ಮೊಬೈಲ್ ಇಲ್ಲದೆ ಬಾಯಿ ತೆರೆಯುವುದಿಲ್ಲ, ರಾತ್ರಿ ಹನ್ನೊಂದಾದರೂ ಮಲಗುವುದಿಲ್ಲ, ಹಲ್ಲುಜ್ಜಲು ಹೋದರೆ ಬೊಬ್ಬೆ. ಕೊನೆಗೆ ಒಂದು ಸಾಲು: "ಇವಳಿಗೆ ಮಗುವನ್ನು ಸುಧಾರಿಸಲು ಬರುವುದಿಲ್ಲ ದೊಡ್ಡಮ್ಮ, ನೀವೇ ಒಂದು ಮಾತು ಹೇಳಿ." ಹೇಳುತ್ತೇನೆ. ಆದರೆ ಅವಳಿಗಲ್ಲ, ನಿನಗೆ. ಫೋನಿನಲ್ಲಾದರೆ ನೀನು "ಆಯ್ತು ಆಯ್ತು" ಅಂತ ಮುಗಿಸಿಬಿಡುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. (ನಿನ್ನ ಆ ಮೆಸೇಜ್ ಅವಳ ಕಣ್ಣಿಗೆ ಬೀಳದಂತೆ ಅಳಿಸಿಬಿಡು.)

ಪುಟ್ಟಿ ಏನು ತಿಂದಳು, ಎಷ್ಟು ಹೊತ್ತಿಗೆ ಮಲಗಿದಳು ಅಂತೆಲ್ಲ ಬರೆದಿದ್ದೀ. ನಿನ್ನ ಹೆಂಡತಿ ಏನು ತಿಂದಳು, ಎಷ್ಟು ನಿದ್ದೆ ಮಾಡಿದಳು ಅಂತ ಒಂದು ಅಕ್ಷರ ಇಲ್ಲ. ಮೇ ತಿಂಗಳಲ್ಲಿ ಉಡುಪಿಯ ಮದುವೆಯಲ್ಲಿ ಅವಳು ನನ್ನ ಪಕ್ಕದ ಎಲೆಯಲ್ಲೇ ಕೂತಿದ್ದಳು. ಅನ್ನ ಕಲಸಿದಳು, ತಿನ್ನಲಿಲ್ಲ. ಎದುರಿನ ಸಾಲಿನಿಂದ ಯಾರೋ "ಮಗು ಎಂತ ಇಷ್ಟು ಸಪೂರ ಆಗಿದೆ?" ಅಂದರು. ನಕ್ಕಳು. ಆಮೇಲೆ ಎಡಗೈಯಿಂದ ಮೊಬೈಲ್ ತೆಗೆದು ಮಗುವಿನ ಮುಂದೆ ಇಟ್ಟು, ಅದು ನೋಡುತ್ತಿರುವಾಗಲೇ ಬಾಯಿಗೆ ತುತ್ತು ತುರುಕಿದಳು. ನಾಲ್ಕು ಜನರ ಎದುರು ಮಗು ಉಣ್ಣುವುದನ್ನು ತೋರಿಸಬೇಕಿತ್ತು, ಪಾಪ.

ತಕ್ಕಡಿ ಹಿಡಿದುಕೊಂಡು ಮಟ್ಟು, ಉದ್ಯಾವರ ಅಂತ ಮನೆ ಮನೆ ತಿರುಗಿದ ಆರೋಗ್ಯ ಸಹಾಯಕಿ ನಾನು. ತೂಕ ಏರದ ಮಕ್ಕಳ ಮನೆಗಳಲ್ಲಿ ಕೆಲವು ಕಡೆ ನಿಜಕ್ಕೂ ಬಡತನ ಇತ್ತು, ಅದು ಬೇರೆ ಮಾತು. ಇನ್ನು ಕೆಲವು ಕಡೆ ಕುಚ್ಚಲಕ್ಕಿ, ಮೀನು, ಹಿತ್ತಿಲಲ್ಲಿ ಬಸಳೆ, ಯಾವುದಕ್ಕೂ ಕಡಿಮೆ ಇರಲಿಲ್ಲ. ತಾಯಿ ಮಾತ್ರ ನಾನು ಕೇಳಿದ್ದಕ್ಕೆ ಎರಡು ಸಲ ಕೇಳಿದ ಮೇಲೆ ಉತ್ತರ ಕೊಡುತ್ತಿದ್ದಳು. ಕ್ರಮೇಣ ನನಗೆ ಮಗುವನ್ನು ತಕ್ಕಡಿಗೆ ಹಾಕುವ ಮೊದಲು ತಾಯಿಯ ಮುಖ ನೋಡುವುದೇ ಅಭ್ಯಾಸ ಆಯಿತು.

ಯಾಕೆ ಅಂತ ಕೇಳು. ಸಣ್ಣ ಮಗುವಿಗೆ ಒಳ್ಳೆಯ ಅಭ್ಯಾಸ ಕಲಿಸುವುದು ಅಂದರೆ ದಿನಾ ಅದೇ ಹೊತ್ತಿಗೆ ಅದೇ ಕೆಲಸ, ಮಗು ಬೇಡ ಅಂದರೂ, ಸಿಟ್ಟು ಮಾಡದೆ ಮಾಡಿಸುವುದು. ಅದಕ್ಕೆ ತಾಕತ್ತು ಬೇಕು. ಮನಸ್ಸು ಕುಗ್ಗಿದವರಲ್ಲಿ ಮೊದಲು ಖಾಲಿಯಾಗುವುದೇ ಆ ತಾಕತ್ತು. ಅಳುವ ಮಗುವನ್ನು ಐದು ನಿಮಿಷ ತಡೆದುಕೊಳ್ಳಲು ಆಗದಷ್ಟು ಸುಸ್ತಾದವಳು ಮೊಬೈಲ್ ಕೊಡುತ್ತಾಳೆ. ಅದು ಉದಾಸೀನ ಅಲ್ಲ ಮಾರಾಯ, ಅಷ್ಟು ಹೊತ್ತಾದರೂ ಅವಳಿಗೆ ಉಸಿರು ಬಿಡಬೇಕಲ್ಲ. ಆಮೇಲೆ ಮಗು ತಡವಾಗಿ ಮಲಗುತ್ತದೆ, ಬೆಳಿಗ್ಗೆ ಹಟ ಮಾಡುತ್ತದೆ, ತಿಂಡಿ ಬೇಡ ಅನ್ನುತ್ತದೆ, ಹತ್ತು ಗಂಟೆಗೆ ಬಿಸ್ಕತ್ತು ತಿಂದು ಮಧ್ಯಾಹ್ನದ ಊಟಕ್ಕೆ ಹಸಿವಿಲ್ಲ. ಸಂಜೆ ನೀನು ಬಂದು "ಇವತ್ತೂ ತಿನ್ನಲಿಲ್ವಾ?" ಅನ್ನುತ್ತೀ. ಅವಳ ತಲೆಯಲ್ಲಿ ಕೂರುವುದು ಒಂದೇ ಮಾತು, ತನ್ನಿಂದ ಆಗುವುದಿಲ್ಲ ಅಂತ.

ಇನ್ನೂ ಒಂದು ಉಂಟು. ಮನಸ್ಸು ಸರಿ ಇಲ್ಲದಾಗ ಮಗುವಿನ ಸಣ್ಣ ಸನ್ನೆಗಳು ಕಾಣಿಸುವುದಿಲ್ಲ. ಮುಖ ತಿರುಗಿಸಿತು, ತುಟಿ ಬಿಗಿ ಮಾಡಿತು ಅಂದರೆ ಹೊಟ್ಟೆ ತುಂಬಿತು ಅಂತ. ಆಗಲೂ ತುರುಕುತ್ತಾ ಹೋದರೆ ಮಗು ತನ್ನ ಹೊಟ್ಟೆಯ ಮಾತು ಕೇಳುವುದನ್ನೇ ಬಿಡುತ್ತದೆ. ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರ ತಜ್ಞೆ ಇದನ್ನು ಚೆನ್ನಾಗಿ ಹಂಚಿಕೊಟ್ಟಿದ್ದಾಳೆ: ಏನು, ಯಾವಾಗ, ಎಲ್ಲಿ ಕೊಡಬೇಕು ಅನ್ನುವುದು ದೊಡ್ಡವರ ಕೆಲಸ. ತಿನ್ನಬೇಕಾ, ಎಷ್ಟು ತಿನ್ನಬೇಕು ಅನ್ನುವುದು ಮಗುವಿನ ಕೆಲಸ. ಬಸಳೆಯನ್ನು ಒಂದು ಸಲ ಉಗುಳಿದರೆ ಗಾಬರಿ ಬೇಡ. ಹೊಸ ರುಚಿಯನ್ನು ಮಕ್ಕಳು ಹತ್ತು-ಹದಿನೈದು ಸಲ ನೋಡಿದ ಮೇಲೆ ಒಪ್ಪಿಕೊಳ್ಳುವುದು ಸಾಮಾನ್ಯ. ಸಪೂರದ ಚಿಂತೆ ಇದ್ದರೆ ತಾಯಿ ಕಾರ್ಡ್ ತೆಗೆದು ನೋಡು. ತೂಕದ ಚುಕ್ಕೆಗಳು ಹಸಿರು ಪಟ್ಟಿಯಲ್ಲೇ ಮೇಲೆ ಹೋಗುತ್ತಿದ್ದರೆ ಸಾಕು, ಮದುವೆ ಮನೆಯವರ ಕಣ್ಣಳತೆ ಬೇಡ.

ಈಗ "ನನ್ನಿಂದ ಆಗುತ್ತದೆ" ಅನ್ನುವ ಧೈರ್ಯದ ವಿಷಯ. ಮಗುವಿನ ಹಟವನ್ನು ತಾವು ನಿಭಾಯಿಸಬಲ್ಲೆವು ಅಂತ ನಂಬಿಕೆ ಇರುವ ತಂದೆತಾಯಿಯ ಮಕ್ಕಳು ಹಣ್ಣು-ತರಕಾರಿ ಜಾಸ್ತಿ ತಿನ್ನುತ್ತಾರೆ, ಸ್ಕ್ರೀನ್ ಮುಂದೆ ಕಡಿಮೆ ಕೂರುತ್ತಾರೆ ಅಂತ ಬೇರೆ ಬೇರೆ ದೇಶಗಳಲ್ಲಿ ನೋಡಿದ್ದಾರೆ. ಈ ನಂಬಿಕೆ ಎಲ್ಲಿಂದ ಬರುತ್ತದೆ ಅಂತ ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞ 1977ರಲ್ಲೇ ಬರೆದಿದ್ದಾನೆ. ಒಂದು ಕೆಲಸ ಮಾಡಿ ಗೆದ್ದದ್ದರಿಂದ. ನಮ್ಮಂಥವರೇ ಮಾಡಿದ್ದನ್ನು ನೋಡಿದ್ದರಿಂದ. ಯಾರಾದರೂ ಬೆನ್ನು ತಟ್ಟಿದ್ದರಿಂದ. ಮೈ-ಮನಸ್ಸು ಹಗುರ ಇದ್ದದ್ದರಿಂದ. ನಿಮ್ಮ ಮನೆಯಲ್ಲಿ ಇದರಲ್ಲಿ ಯಾವುದುಂಟು ಹೇಳು? ಮಂಗಳೂರಿನ ಬಿಜೈಯಲ್ಲಿ ಐದನೇ ಮಾಳಿಗೆ. ಬಾಗಿಲು ಹಾಕಿದರೆ ಪಕ್ಕದ ಮನೆಯ ಮಗು ಹೇಗೆ ಉಣ್ಣುತ್ತದೆ ಅಂತಲೂ ಗೊತ್ತಾಗುವುದಿಲ್ಲ. ನೋಡುವುದು ರೀಲ್ಸಿನ ಅಮ್ಮಂದಿರನ್ನು. ಅವರೋ ಕ್ಯಾರೆಟನ್ನು ನಕ್ಷತ್ರದ ಹಾಗೆ ಕತ್ತರಿಸುವವರು! ಬೆನ್ನು ತಟ್ಟುವವರು ಯಾರು? ನೀನು ಶಿಸ್ತು ಅನ್ನುತ್ತೀ, ನಿನ್ನ ಅಮ್ಮ ಸಪೂರ ಅನ್ನುತ್ತಾಳೆ. ಅವಳು ನನ್ನ ತಂಗಿ, ಅವಳಿಗೆ ನಾನು ಹೇಳಿಕೊಳ್ಳುತ್ತೇನೆ. ನಿನ್ನದನ್ನು ನೀನು ನಿಲ್ಲಿಸು.

ಎಲ್ಲವನ್ನೂ ಒಟ್ಟಿಗೆ ಸರಿ ಮಾಡಲು ಹೋಗಬೇಡಿ. ಯಾವುದು ಸುಲಭ ಅಂತ ಅವಳೇ ಒಂದನ್ನು ಆರಿಸಲಿ. ಬೆಳಿಗ್ಗೆಯ ಗಂಜಿ ಮಾತ್ರ ಮೊಬೈಲ್ ಇಲ್ಲದೆ, ಅಷ್ಟೇ ಆಗಬಹುದು. ಎರಡು ತುತ್ತು ತಿಂದು ಎದ್ದರೂ ಆಯಿತು ಅಂತ ಬಿಡಿ. ಮೊದಲ ಕೆಲವು ದಿನ ಅಳು ಜಾಸ್ತಿಯೇ ಇರುತ್ತದೆ, ಅದಕ್ಕೆ ಹೆದರಿ ಮಧ್ಯದಲ್ಲಿ ನೀನು ಫೋನ್ ತೆಗೆದು ಕೊಡಬೇಡ. ಅದು ಹಿಡಿತಕ್ಕೆ ಬಂದ ಮೇಲೆ ಇನ್ನೊಂದು. ರಾತ್ರಿ ಹಲ್ಲುಜ್ಜಿಸುವುದು ಇವತ್ತಿನಿಂದ ನಿನ್ನ ಕೆಲಸ. ಮೂರು ತುಂಬಿತಲ್ಲ, ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು. ಬೊಬ್ಬೆ ಹೊಡೆದರೆ ನೀನೇ ಸುಧಾರಿಸು, ನೋಡುವಾ.

ಲೆಕ್ಕ ಬೇಕು ಅಂತ ನೀನು ಕೇಳಿಯೇ ಕೇಳುತ್ತೀ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇದು: ಮೂರು-ನಾಲ್ಕು ವರ್ಷದವರಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ, ಒಟ್ಟು 180 ನಿಮಿಷ ಓಡಾಟ, ಸ್ಕ್ರೀನ್ 1 ಗಂಟೆಗಿಂತ ಜಾಸ್ತಿ ಬೇಡ. ಇದನ್ನು ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟಿಸಿದರೆ ಅವಳಿಗೆ ಅದು ಇನ್ನೊಂದು ಮಾರ್ಕ್ಸ್ ಕಾರ್ಡ್, ಬೇಡ. ಈ ಮಳೆಗೆ ಎಲ್ಲಿ ಓಡಿಸುವುದು? ಜಿಲ್ಲಾಧಿಕಾರಿಗಳು ದಿನ ಬಿಟ್ಟು ದಿನ ರಜೆ ಕೊಡುತ್ತಿದ್ದಾರೆ ಬೇರೆ. ಮಂಚದ ಮೇಲೆ ಹಾರಲಿ, ಮೆಟ್ಟಿಲು ಹತ್ತಿ ಇಳಿಯಲಿ. ಮಳೆ ಬಿಟ್ಟ ಸಂಜೆ ನೀನೊಬ್ಬನೇ ಪುಟ್ಟಿಯನ್ನು ಕದ್ರಿ ಪಾರ್ಕಿಗೆ ಕರೆದುಕೊಂಡು ಹೋಗು. ನಿನ್ನ ಹೆಂಡತಿ ಆ ಹೊತ್ತು ಏನು ಮಾಡಿದಳು ಅಂತ ಬಂದು ಕೇಳಬೇಡ.

ಇಷ್ಟರಲ್ಲೇ ಸರಿ ಹೋಗಬಹುದು, ಹೋಗದೆಯೂ ಇರಬಹುದು. ಬಾಣಂತನದಲ್ಲಿ ಅವಳಿಗೆ ಎಣ್ಣೆ, ಬಿಸಿನೀರು, ಲೇಹ ಎಲ್ಲ ಆಯಿತು. ಹಾಲು ಬರುತ್ತದಾ ಅಂತ ಎಲ್ಲರೂ ಕೇಳಿದರು. ಮನಸ್ಸು ಹೇಗಿದೆ ಅಂತ ಕೇಳಿದವರು ಯಾರು? ಅದನ್ನು ಕೇಳಲು 1987ರಿಂದ ಎಡಿನ್‌ಬರೋ ಪ್ರಶ್ನಾವಳಿ ಅಂತ ಒಂದಿದೆ. ಬರೀ ಹತ್ತು ಪ್ರಶ್ನೆ, ಕಳೆದ ಏಳು ದಿನ ಹೇಗಿದ್ದಿರಿ ಅಂತ. ಬಾಣಂತಿಯಾದಾಗ ಶುರುವಾದ ಖಿನ್ನತೆ ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಎರಡು ವಾರಕ್ಕಿಂತ ಜಾಸ್ತಿ ಬೇಸರ, ಯಾವುದರಲ್ಲೂ ಮನಸ್ಸಿಲ್ಲ, ಮಗು ಮಲಗಿದರೂ ತನಗೆ ನಿದ್ದೆ ಇಲ್ಲ ಅಂತಾದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಜ್ವರಕ್ಕೆ ಹೋಗುವುದಿಲ್ವಾ? ವೆನ್ಲಾಕ್ ಸರಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಮೊದಲು ಫೋನಿನಲ್ಲೇ ಮಾತಾಡುತ್ತೇನೆ ಅಂದರೆ 14416, ಟೆಲಿ ಮಾನಸ್ ಅಂತ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಿಂದ ಉಂಟು. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. "ಬದುಕೇ ಬೇಡ" ಅನ್ನುವ ಮಾತು ಬಾಯಲ್ಲಿ ಬಂದರೆ ನಾಳೆಗೆ ಇಡಬೇಡ, ಅವಳನ್ನು ಒಬ್ಬಳೇ ಬಿಡಲೂ ಬೇಡ.

ಆ ನಂಬರು ನಿನಗೂ ಆಗುತ್ತದೆ. ನಿನ್ನ ಬರಹದ ನಡುವೆ ಎಲ್ಲೋ "ನನಗೂ ಸಾಕಾಗಿದೆ" ಅಂತ ನುಸುಳಿದೆ. ಕೆಲಸ ಮುಗಿಸಿ ಬಂದು ಸಣ್ಣದಕ್ಕೆಲ್ಲ ಸಿಡುಕುತ್ತೀಯಂತೆ. ಖಿನ್ನತೆ ಅಪ್ಪಂದಿರಿಗೂ ಬರುತ್ತದೆ. ಗಂಡಸರಲ್ಲಿ ಅದು ಅಳುವಾಗಿ ಕಾಣುವುದಕ್ಕಿಂತ ಸಿಟ್ಟಾಗಿ ಕಾಣುವುದು ಜಾಸ್ತಿ. ಅಪ್ಪ ಯಾವ ಮೂಡಿನಲ್ಲಿದ್ದಾನೆ ಅಂತ ಪುಟ್ಟಿಗೆ ನೀನು ಚಪ್ಪಲಿ ಬಿಡುವ ಸದ್ದಿನಲ್ಲೇ ಗೊತ್ತಾಗುತ್ತದೆ.

ಬರುವ ವಾರ ನಾನು ಬರುತ್ತೇನೆ, ಒಂದಷ್ಟು ದಿನ ಇರುತ್ತೇನೆ. ಪಾಠ ಹೇಳಲಿಕ್ಕಲ್ಲ, ರಾತ್ರಿ ಪುಟ್ಟಿ ನನ್ನ ಜೊತೆ ಮಲಗಲಿ, ಅವಳು ಬಾಗಿಲು ಹಾಕಿಕೊಂಡು ನಿದ್ದೆ ಮಾಡಲಿ ಅಂತ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬಂದು ಲಾಲ್‌ಬಾಗಿನಲ್ಲಿ ಇಳಿಯುತ್ತೇನೆ. ಅಕ್ಕಿಯ ಚೀಲ ಇರುತ್ತದೆ, ಸ್ಕೂಟರ್ ಆಗುವುದಿಲ್ಲ, ರಿಕ್ಷಾ ತೆಗೆದುಕೊಂಡು ಬಾ. ನಾನು ಬರುತ್ತೇನೆ ಅಂತ ಅವಳು ಅಡಿಗೆಗೆ, ಮನೆ ಒರೆಸಲಿಕ್ಕೆ ಹೊರಟರೆ ಬೇಡ ಅಂತ ಹೇಳು. ನೆಲ ನೀನು ಒರೆಸು.

ನಿನ್ನ
ದೊಡ್ಡಮ್ಮ